ಹೈವೇಯಲ್ಲಿ ತಂಪು, ಟ್ರಾಫಿಕ್‌ನಲ್ಲಿ ಬರೀ ಗಾಳಿ: ಏಸಿ ಕಂಪ್ರೆಸರ್ ಬದಲಿಸಬೇಕೆ?

ಪ್ರಶ್ನೆ: ನಮ್ಮದು 2015ರ ಡೀಸೆಲ್ ಹ್ಯಾಚ್‌ಬ್ಯಾಕ್, ಒಂದು ಲಕ್ಷ ಕಿ.ಮೀ. ದಾಟಿದೆ. ಕೋಲಾರದಿಂದ ಬೆಂಗಳೂರಿಗೆ ಹೈವೇಯಲ್ಲಿ ಹೋಗುವಾಗ ಏಸಿ ತಕ್ಕಮಟ್ಟಿಗೆ ತಂಪಾಗುತ್ತದೆ. ಕ್ಲಾಕ್ ಟವರ್ ಹತ್ತಿರವೋ ಟೊಮೆಟೊ ಮಂಡಿ ಮುಂದೆಯೋ ಟ್ರಾಫಿಕ್‌ನಲ್ಲಿ ನಿಂತರೆ ಬರೀ ಗಾಳಿ. ಮಾರ್ಚ್‌ನಲ್ಲಿ ಗ್ಯಾಸ್ ತುಂಬಿಸಿದೆ, ಆರು ವಾರಕ್ಕೆ ಮತ್ತೆ ತುಂಬಿಸಿದೆ. ಈಗ ‘ಕಂಪ್ರೆಸರ್ ಹೋಗಿದೆ, 22 ಸಾವಿರ ಆಗುತ್ತೆ’ ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ದೋಷಗಳು ಕಾಣುತ್ತಿವೆ. ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಮುಂದಿನ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಆರು ವಾರಕ್ಕೆ ಗ್ಯಾಸ್ ಇಳಿಯಿತು ಎಂದರೆ ಎಲ್ಲೋ ಸೋರುತ್ತಿದೆ. ಕಂಪ್ರೆಸರ್ ಸವೆದಿದ್ದರೂ ನಿಂತಾಗ ತಂಪು ಕಡಿಮೆಯಾಗುವುದು ನಿಜ, ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಅದು ಗ್ಯಾಸಿನ ಪ್ರೆಷರ್ ಅಳೆಯುವ ಗೇಜ್ ಹಾಕಿ ನೋಡಿದ ಮೇಲೆ ಹೇಳುವ ಮಾತು. ನಿಮ್ಮ ಕಾರಿಗೆ ಗೇಜ್ ಹಾಕಿದ್ದರೆ ಎರಡು ಪ್ರೆಷರ್ ಅಂಕಿಗಳು ಬಿಲ್ ಮೇಲೆ ಇರಬೇಕಿತ್ತು. ಇಲ್ಲದಿದ್ದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಏಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ, ಕಂಡೆನ್ಸರ್ ಆ ಬಿಸಿಯನ್ನು ಹೊರಗೆ ಬಿಟ್ಟು ದ್ರವ ಮಾಡುತ್ತದೆ, ಎಕ್ಸ್‌ಪಾನ್ಶನ್ ವಾಲ್ವ್‌ನ ಕಿರಿದಾದ ರಂಧ್ರ ದಾಟಿದೊಡನೆ ಪ್ರೆಷರ್ ಇಳಿದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿಯುತ್ತದೆ, ಅಲ್ಲಿನ ಶಾಖ ಹೀರಿಕೊಂಡು ಮತ್ತೆ ಕಂಪ್ರೆಸರ್‌ಗೆ ಬರುತ್ತದೆ. ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹೋಸ್, ಸೀಲ್‌ಗಳ ಮೂಲಕ ವರ್ಷಕ್ಕೆ ಹತ್ತಿಪ್ಪತ್ತು ಗ್ರಾಂ ಹೋದರೆ ಸಹಜ. ಆರು ವಾರದಲ್ಲಿ ತಂಪು ನಿಂತುಹೋಗುವಷ್ಟು ಹೋಗುವುದು ಸಹಜವಲ್ಲ. ‘ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು ಸಾರ್’ ಎಂಬ ಮಾತಿಗೂ ಕಾರಿನ ವಿನ್ಯಾಸಕ್ಕೂ ಸಂಬಂಧವಿಲ್ಲ.

ಇನ್ನು ಮನೆ ಮುಂದೆಯೇ ನೋಡಬಹುದಾದ್ದು. ಗಾಡಿ ಸ್ಟಾರ್ಟ್ ಮಾಡಿ, ಏಸಿ ಹಾಕಿ, ಬ್ಲೋವರ್ ಮೂರರಲ್ಲಿಟ್ಟು, ಬಾನೆಟ್ ಎತ್ತಿ ಫ್ಯಾನ್ ನೋಡಿ. ಬಹುತೇಕ ಕಾರುಗಳಲ್ಲಿ ಏಸಿ ಹಾಕಿದ ತಕ್ಷಣ ಫ್ಯಾನ್ ತಿರುಗುತ್ತದೆ. ಕೆಲವದರಲ್ಲಿ ಪ್ರೆಷರ್ ಏರಿದ ಮೇಲೆ, ಒಂದೆರಡು ನಿಮಿಷದಲ್ಲಿ ಶುರುವಾಗುತ್ತದೆ. ಐದು ನಿಮಿಷವಾದರೂ ತಿರುಗದಿದ್ದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಸಿಕ್ಕಿತು. ಕೈ ಮಾತ್ರ ದೂರ ಇರಲಿ, ಇಗ್ನಿಷನ್ ಆನ್ ಇರುವಾಗ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

ಫ್ಯಾನ್ ದೋಷದಲ್ಲಿ ಹೆಚ್ಚು ಮೋಸ ಮಾಡುವುದು ಎರಡು ಸ್ಪೀಡ್ ಇರುವ ಫ್ಯಾನ್. ಕಡಿಮೆ ಸ್ಪೀಡಿಗೆ ಒಂದು ರೆಸಿಸ್ಟರ್ ಇರುತ್ತದೆ, ಅದು ಸುಟ್ಟುಹೋದರೆ ಫ್ಯಾನ್ ಬರೀ ಹೈ ಸ್ಪೀಡಿನಲ್ಲಿ, ಅದೂ ಎಂಜಿನ್ ಚೆನ್ನಾಗಿ ಕಾದ ಮೇಲೆ ಮಾತ್ರ ತಿರುಗುತ್ತದೆ. ಮೆಕ್ಯಾನಿಕ್ ನೋಡುವಾಗ ತಿರುಗಿರುತ್ತದೆ, ‘ಫ್ಯಾನ್ ಓಕೆ’ ಎಂದು ಬಿಟ್ಟಿರುತ್ತಾರೆ. ಫ್ಯೂಸ್ ನೋಡಿ. ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕಿತ್ತು ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ, ಬಾಕ್ಸ್‌ನಲ್ಲಿ ಹಾರ್ನ್ ರಿಲೇ ಅನೇಕ ಸಲ ಅದೇ ಆಗಿರುತ್ತದೆ. ಆಮೇಲೆ ಮೋಟಾರ್‌ಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ನೇರ ಕೊಟ್ಟಾಗಲೂ ಮಂದವಾಗಿ ತಿರುಗಿದರೆ, ಅಥವಾ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮಾತ್ರ ಹೊರಟರೆ, ಕಾರ್ಬನ್ ಬ್ರಷ್ ಸವೆದಿದೆ. ಮೋಟಾರ್ ಹಿಂದೆಂದೋ ರಿಪೇರಿ ಆಗಿದ್ದರೆ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರುವ ಸಾಧ್ಯತೆಯೂ ಇದೆ. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದು ನೋಡಿ: ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ, ಓಡುವಾಗ ಎದುರಿನಿಂದ ಬರುವ ಗಾಳಿಯನ್ನೇ ಆ ಫ್ಯಾನ್ ತಡೆಯುತ್ತಿದೆ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರ್. ಗ್ರಿಲ್ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ಮುಂಭಾಗ ಚೊಕ್ಕಟವಾಗಿ ಕಾಣಬಹುದು, ಅದಕ್ಕೆ ಸಮಾಧಾನ ಪಡಬೇಡಿ. ಕಸ ಕೂರುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಎರಡು ಬೆರಳಿನ ಸಂದಿಯಲ್ಲಿ. ಮಂಡಿ ಸುತ್ತ ಹಾರುವ ಹುಲ್ಲಿನ ಎಳೆ, ಕ್ರಷರ್ ಲಾರಿಗಳ ಹಿಂದೆ ಏಳುವ ಕಲ್ಲುಪುಡಿ, ಹೊಲದ ದಾರಿಯ ಕೆಂಪು ಧೂಳು ಇವೆಲ್ಲ ಮುಂದಿನ ಫಿನ್‌ಗಳನ್ನು ದಾಟಿ ಅಲ್ಲಿ ಸೇರಿಕೊಂಡು, ಮೊದಲ ಮಳೆಗೆ ನೆನೆದು, ಕಂಬಳಿಯಂತೆ ಗಟ್ಟಿಯಾಗುತ್ತವೆ. ಹೈವೇಯಲ್ಲಿ ಗಾಳಿಯ ರಭಸ ಹೇಗೋ ನುಗ್ಗುತ್ತದೆ. ನಿಂತಾಗ ಫ್ಯಾನ್ ಒಂದರಿಂದ ಆಗುವುದಿಲ್ಲ.

ಇದಕ್ಕೆ ದುಡ್ಡಿಲ್ಲದ ಪರೀಕ್ಷೆಯೊಂದಿದೆ. ಒಂದು ಅಡುಗೆ ಥರ್ಮಾಮೀಟರ್ ಅಥವಾ ಅಕ್ವೇರಿಯಂಗೆ ಬಳಸುವ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ಮಧ್ಯದ ವೆಂಟ್‌ನೊಳಗೆ ತೂರಿಸಿ. ಗಾಜು ಏರಿಸಿ, ರೀಸರ್ಕ್ಯುಲೇಷನ್ ಹಾಕಿ, ಐಡ್ಲಿಂಗ್‌ನಲ್ಲಿ ಹತ್ತು ನಿಮಿಷ ಬಿಡಿ, ಅಂಕಿ ಬರೆದುಕೊಳ್ಳಿ. ಈಗ ಯಾರಿಗಾದರೂ ಹೇಳಿ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಮಗ್‌ನಿಂದ ನೀರು ಚಿಮುಕಿಸಿ, ಒಂದು ಬಕೆಟ್ ಸಾಕು. ಎರಡು ಮೂರು ನಿಮಿಷದಲ್ಲಿ ವೆಂಟ್ ಗಾಳಿ ನಾಲ್ಕೈದು ಡಿಗ್ರಿ ಇಳಿದರೆ ಕಂಪ್ರೆಸರ್ ಒತ್ತುತ್ತಿದೆ, ಗ್ಯಾಸೂ ಒಂದಿಷ್ಟಿದೆ, ಶಾಖ ಹೊರಗೆ ಹೋಗದಿರುವುದೇ ತೊಂದರೆ. ನೀರು ಹಾಕಿದರೂ ಏನೂ ಬದಲಾಗದಿದ್ದರೆ ಗ್ಯಾಸ್ ಕೊರತೆ ಅಥವಾ ಕಂಪ್ರೆಸರ್ ಕಡೆ ತಿರುಗಬೇಕು. ಹೊರಗೆ 36, 37 ಡಿಗ್ರಿ ಇರುವಾಗ ಆರೋಗ್ಯವಾಗಿರುವ ಏಸಿ 1500 ಆರ್‌ಪಿಎಂನಲ್ಲಿ ವೆಂಟ್‌ನಲ್ಲಿ 8ರಿಂದ 12 ಡಿಗ್ರಿ ಕೊಡಬೇಕು. ಐಡ್ಲಿಂಗ್‌ನಲ್ಲಿ ಇದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಕಂಡೆನ್ಸರ್ ತೊಳೆಯಬೇಕಾದರೆ ಬಂಪರ್ ಬಿಚ್ಚಿಸಿ, ರೇಡಿಯೇಟರ್‌ನಿಂದ ಬೇರ್ಪಡಿಸಿ, ಪೈಪ್ ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಿ, ಒಳಗೆ ಹೋದ ಕಸ ಬಂದ ದಾರಿಯಲ್ಲೇ ಹೊರಬೀಳಬೇಕು. ವಾಷಿಂಗ್ ಸೆಂಟರ್‌ನ ಪ್ರೆಷರ್ ಗನ್ ಹತ್ತಿರದಿಂದ ಹೊಡೆದರೆ ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಂಡು ಗಾಳಿ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಆ್ಯಸಿಡ್ ಕ್ಲೀನರ್ ಬೇಡವೇ ಬೇಡ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಿಸಿ ಕಂಡೆನ್ಸರ್ ಮೇಲೆ ಪದೇ ಪದೇ ಅದೇ ನೀರು ಒಣಗಿದರೆ ಬಿಳಿ ಪದರ ಕೂರುತ್ತದೆ. ಮೇಲೆ ಹೇಳಿದ ಪರೀಕ್ಷೆ ಒಮ್ಮೆ ಮಾಡುವುದಕ್ಕೆ, ದಿನದ ಉಪಾಯಕ್ಕಲ್ಲ.

ಇಲ್ಲೇ ಇನ್ನೊಂದು ಮಾತು. ‘ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ, ಅದಕ್ಕೇ ಏಸಿ ಕೆಟ್ಟಿದೆ’ ಎಂದು ಅನೇಕರು ಬರೆಯುತ್ತಾರೆ. ತೊಟ್ಟಿಕ್ಕುವುದು ಗಾಳಿಯಲ್ಲಿನ ತೇವಾಂಶ. ಮಂಗಳೂರಿನಲ್ಲಿ ಧಾರಾಳವಾಗಿ ಸುರಿಯುವ ಅದೇ ಕಾರು ಕೋಲಾರದ ಏಪ್ರಿಲ್ ಒಣಹವೆಯಲ್ಲಿ, ಅದರಲ್ಲೂ ರೀಸರ್ಕ್ಯುಲೇಷನ್‌ನಲ್ಲಿ, ಒಂದೆರಡು ಹನಿ ಹಾಕಿ ಸುಮ್ಮನಾಗಬಹುದು. ಅದರಿಂದ ಏನೂ ತೀರ್ಮಾನಿಸಬೇಡಿ.

ಈಗ ಗೇಜ್. ನೀಲಿ ಪೈಪು ಲೋ ಸೈಡಿಗೆ (ಕಂಪ್ರೆಸರ್‌ಗೆ ಗ್ಯಾಸ್ ಬರುವ, ಪ್ರೆಷರ್ ಕಡಿಮೆ ಇರುವ ಕಡೆ), ಕೆಂಪು ಹೈ ಸೈಡಿಗೆ (ಒತ್ತಿದ ಗ್ಯಾಸ್ ಹೊರಡುವ ಕಡೆ). ಎಂಜಿನ್ ಆಫ್ ಮಾಡಿ, ಗಾಡಿ ನೆರಳಲ್ಲಿ ತಣ್ಣಗಾದ ಮೇಲೆ ಎರಡೂ ಮುಳ್ಳು ಒಂದೇ ಕಡೆ ನಿಂತಿರುತ್ತವೆ. 30 ಡಿಗ್ರಿಯಲ್ಲಿ ಆರ್-134ಎ (ಕಾರಿನ ಏಸಿ ಗ್ಯಾಸ್) ಇದ್ದರೆ ಸುಮಾರು 97 ಪಿಎಸ್‌ಐ (ಪ್ರೆಷರ್ ಅಳತೆ), 35 ಡಿಗ್ರಿಯಲ್ಲಿ ಸುಮಾರು 114. ಈ ಅಂಕಿ ಬಂದರೆ ಒಳಗೆ ಸ್ವಲ್ಪವಾದರೂ ದ್ರವರೂಪದ ಗ್ಯಾಸ್ ಇದೆ ಎಂದಷ್ಟೇ ಅರ್ಥ, ಎಷ್ಟು ಗ್ರಾಂ ಎಂಬುದು ಇದರಿಂದ ತಿಳಿಯುವುದಿಲ್ಲ. 50 ತೋರಿಸಿದರೆ ಬಹುತೇಕ ಖಾಲಿ. ಎಂಜಿನ್ ನಿಂತಿರುವಾಗ ಈ ಅಂಕಿ ನೋಡಿ ‘ಗ್ಯಾಸ್ ಫುಲ್’ ಎನ್ನುವವರನ್ನು ನಂಬಬೇಡಿ.

ನಿಮ್ಮ ಪ್ರಶ್ನೆ ತೀರ್ಮಾನವಾಗುವುದು ಎಂಜಿನ್ ಓಡುವಾಗಿನ ಅಂಕಿಗಳಲ್ಲಿ. 35 ಡಿಗ್ರಿ ಹವೆಯಲ್ಲಿ, 1500 ಆರ್‌ಪಿಎಂನಲ್ಲಿ ಲೋ ಸೈಡ್ 30ರಿಂದ 45, ಹೈ ಸೈಡ್ 200ರಿಂದ 250 ಪಿಎಸ್‌ಐ ಇದ್ದರೆ ಆರೋಗ್ಯ. ಕಂಡೆನ್ಸರ್‌ಗೆ ಗಾಳಿ ಸಾಲದಿದ್ದರೆ ಐಡ್ಲಿಂಗ್‌ನಲ್ಲಿ ಹೈ ಸೈಡ್ ಮೆಲ್ಲಗೆ 300 ದಾಟುತ್ತದೆ, ಲೋ ಸೈಡ್ ಕೂಡ 50, 60ಕ್ಕೆ ಏರುತ್ತದೆ, ನೀರು ಚಿಮುಕಿಸಿದ ಕೂಡಲೇ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಕಂಪ್ರೆಸರ್ ಸವೆದಿದ್ದರೆ ಚಿತ್ರ ತದ್ವಿರುದ್ಧ: ಲೋ ಸೈಡ್ 60, 70ರಲ್ಲಿ ಮೇಲೆಯೇ ಇರುತ್ತದೆ, ಹೈ ಸೈಡ್ 130, 150ಕ್ಕಿಂತ ಏರುವುದೇ ಇಲ್ಲ, ಎರಡು ಮುಳ್ಳೂ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ಹೊರಗಿನಿಂದ ಎರಡೂ ‘ನಿಂತಾಗ ತಂಪಿಲ್ಲ’ ಎಂದೇ ಕಾಣುತ್ತವೆ. ಹೈ ಸೈಡ್ ಏರುತ್ತಿದೆಯೋ ಬೀಳುತ್ತಿದೆಯೋ ಎಂಬುದರಲ್ಲಿ ನಿಮ್ಮ 22 ಸಾವಿರ ಇದೆ. ಎರಡೂ ಕಡೆ ಕಡಿಮೆ ಇದ್ದರೆ ಗ್ಯಾಸ್ ಕೊರತೆ. ಲೋ ಸೈಡ್ ಸೊನ್ನೆಗಿಂತ ಕೆಳಗೆ ಹೋಗಿ ಎಕ್ಸ್‌ಪಾನ್ಶನ್ ವಾಲ್ವ್ ಹತ್ತಿರ ಮಂಜುಗಟ್ಟಿದರೆ ವಾಲ್ವ್ ಕಟ್ಟಿಕೊಂಡಿದೆ, ಇಲ್ಲವೇ ಒಳಗೆ ಸೇರಿದ ತೇವ ಅಲ್ಲಿ ಹೆಪ್ಪುಗಟ್ಟುತ್ತಿದೆ. ಒಂದು ಎಚ್ಚರಿಕೆ: ಕ್ಲಚ್ (ಕಂಪ್ರೆಸರನ್ನು ಬೆಲ್ಟ್ ಪುಲ್ಲಿಗೆ ಜೋಡಿಸುವ, ಬಿಡಿಸುವ ಮ್ಯಾಗ್ನೆಟ್ ಭಾಗ) ಇಲ್ಲದ, ಒತ್ತುವ ಪ್ರಮಾಣ ತಾನೇ ಬದಲಿಸಿಕೊಳ್ಳುವ ವೇರಿಯಬಲ್ ಕಂಪ್ರೆಸರ್‌ಗಳಲ್ಲಿ ಕಂಟ್ರೋಲ್ ವಾಲ್ವ್ ಒಂದೇ ಕೆಟ್ಟರೂ ಸವೆದ ಕಂಪ್ರೆಸರ್‌ನ ಅಂಕಿಗಳೇ ಬರುತ್ತವೆ, ಆ ವಾಲ್ವ್ ಬೇರೆಯಾಗಿ ಸಿಗುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಇನ್ನೊಂದು ಅನುಮಾನ ಇದೆ. ಎರಡನೇ ಸಲ ಗ್ಯಾಸ್ ತುಂಬುವಾಗ ಉಳಿದಿದ್ದನ್ನು ತೆಗೆಯದೆ, ತೂಕ ನೋಡದೆ, ‘ತಂಪು ಬರುವ ತನಕ’ ಹಾಕಿದ್ದರೆ ಈಗ ಗ್ಯಾಸ್ ಜಾಸ್ತಿಯಾಗಿರಬಹುದು. ಜಾಸ್ತಿಯಾದರೂ ಐಡ್ಲಿಂಗ್‌ನಲ್ಲಿ ಹೈ ಸೈಡ್ ಏರಿ ತಂಪು ಬೀಳುತ್ತದೆ. 400, 450 ಪಿಎಸ್‌ಐ ಮುಟ್ಟಿದಾಗ ಪ್ರೆಷರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಆದ್ದರಿಂದ ರಿಕವರಿ ಮೆಷಿನ್ ಇರುವ ಕಡೆ ಹೋಗಿ, ಒಳಗಿರುವ ಗ್ಯಾಸನ್ನು ತೆಗೆಸಿ ತೂಗಿಸಿ. ಬಾನೆಟ್ ಕೆಳಗೋ ಮುಂದಿನ ಅಡ್ಡಪಟ್ಟಿಯ ಮೇಲೋ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಗ್ಯಾಸಿನ ಹೆಸರು, ಗ್ರಾಂ ಲೆಕ್ಕ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಸ್ಟಿಕ್ಕರ್ 400 ಎಂದು, ಮೆಷಿನ್ 250 ಎಂದು ತೋರಿಸಿದರೆ 150 ಗ್ರಾಂ ಸೋರಿದೆ. 500 ಎಂದು ತೋರಿಸಿದರೆ ಹಿಂದಿನವರು ಮಾಡಿದ್ದು ಗೊತ್ತಾಯಿತು.

ಸೋರುವ ಜಾಗ ಹುಡುಕುವುದಕ್ಕೆ ಕಣ್ಣೇ ಮೊದಲ ಸಾಧನ. ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ ಕೂಡ ಸುತ್ತುತ್ತಿರುತ್ತದೆ, ಗ್ಯಾಸ್ ಹೊರಬಿದ್ದ ಕಡೆ ಆಯಿಲ್ ಉಳಿದು ಧೂಳು ಹಿಡಿಯುತ್ತದೆ. ಪೈಪಿನ ಜಾಯಿಂಟ್ ಸುತ್ತ, ಹೋಸ್ ಕ್ರಿಂಪ್ ಬುಡದಲ್ಲಿ, ಕಂಪ್ರೆಸರ್ ಪುಲ್ಲಿ ಹಿಂದೆ, ಕಂಡೆನ್ಸರ್‌ನ ಕೆಳಗಿನ ಅಂಚಿನಲ್ಲಿ ಕಪ್ಪು ಜಿಡ್ಡಿನ ಮಚ್ಚೆ ಹುಡುಕಿ. ಟಿಪ್ಪರ್‌ಗಳ ಹಿಂದೆ ಓಡುವ ಗಾಡಿಗಳಲ್ಲಿ ಕಂಡೆನ್ಸರ್‌ಗೆ ಕಲ್ಲೇಟು ಹೊಸದೇನಲ್ಲ. ಆದರೆ ಎಲ್ಲಕ್ಕಿಂತ ಮೊದಲು ಗೇಜ್ ಜೋಡಿಸುವ ಸರ್ವಿಸ್ ವಾಲ್ವ್ ನೋಡಿ. ಟ್ಯೂಬ್ ಟೈರಿನ ವಾಲ್ವ್‌ನಂಥ ಪುಟ್ಟ ಪಿನ್ ಅದರೊಳಗೆ ಇರುತ್ತದೆ. ಪ್ರತಿ ಸಲ ಗೇಜ್ ಹಾಕಿದಾಗ ಅದು ಒತ್ತಿಕೊಳ್ಳುತ್ತದೆ, ಕಸ ಸಿಕ್ಕರೆ ಪೂರ್ತಿ ಮುಚ್ಚುವುದಿಲ್ಲ. ಗೇಜ್ ತೆಗೆದ ಮೇಲೆ ಅದರ ಮೇಲೊಂದು ಹನಿ ಸೋಪಿನ ನೀರು ಬಿಡಿ, ನೊರೆ ಉಬ್ಬಿದರೆ ಸೋರಿಕೆ ಅಲ್ಲೇ. ಮೇಲಿನ ಪ್ಲಾಸ್ಟಿಕ್ ಮುಚ್ಚಳದೊಳಗಿನ ರಬ್ಬರ್ ರಿಂಗ್ ಎರಡನೇ ಸೀಲ್, ಆ ಮುಚ್ಚಳ ಕಳೆದುಹೋಗಿರುವ ಕಾರುಗಳೇ ಹೆಚ್ಚು. ಪಿನ್ನು, ಮುಚ್ಚಳ, ಓ-ರಿಂಗ್ ಎಲ್ಲ ಚಿಲ್ಲರೆ ಬೆಲೆಯ ಸಾಮಾನು. ಓ-ರಿಂಗ್ ಮಾತ್ರ ಏಸಿಗೆಂದೇ ಬರುವ ಎಚ್‌ಎನ್‌ಬಿಆರ್ ರಬ್ಬರಿನದ್ದಾಗಿರಬೇಕು, ಹಾಕುವಾಗ ಅದೇ ಕಂಪ್ರೆಸರ್ ಆಯಿಲ್ ಸವರಬೇಕು.

ಕಣ್ಣಿಗೆ ಕಾಣದಿದ್ದರೆ ನೈಟ್ರೋಜನ್. ಸಿಸ್ಟಮ್ ಖಾಲಿ ಮಾಡಿ, ರೆಗ್ಯುಲೇಟರ್ ಮೂಲಕ 150 ಪಿಎಸ್‌ಐ ಒಣ ನೈಟ್ರೋಜನ್ ತುಂಬಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಒಂದು ಗಂಟೆ ಬಿಡಬೇಕು. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ ತುಂಬಿಸುವುದು ತಪ್ಪು: ಅದರಲ್ಲಿ ನೀರಿನಂಶ ಇರುತ್ತದೆ, ಜೊತೆಗೆ ಹೆಚ್ಚಿನ ಒತ್ತಡದಲ್ಲಿ ಗಾಳಿ ಬೆರೆತ ಆರ್-134ಎ ಹೊತ್ತಿಕೊಳ್ಳಬಲ್ಲದು. ಆಕ್ಸಿಜನ್ ಅಂತೂ ಆಯಿಲ್ ಜೊತೆ ಸೇರಿದರೆ ಸ್ಫೋಟ. ಕೂಲಿಂಗ್ ಕಾಯಿಲ್ ಸೋರುತ್ತಿದೆಯೇ ಎಂದು ಡ್ಯಾಶ್‌ಬೋರ್ಡ್ ಬಿಚ್ಚದೆಯೇ ನೋಡಬಹುದು. ಸಿಸ್ಟಮ್‌ನಲ್ಲಿ ಗ್ಯಾಸ್ ಇರುವಾಗಲೇ ಎಂಜಿನ್, ಬ್ಲೋವರ್ ಎರಡೂ ನಿಲ್ಲಿಸಿ ಕಾಲು ಗಂಟೆ ಬಿಡಿ, ಆಮೇಲೆ ಎಲೆಕ್ಟ್ರಾನಿಕ್ ಡಿಟೆಕ್ಟರ್ ಮೂತಿಯನ್ನು ನೀರು ಹೊರಬರುವ ಡ್ರೈನ್ ಪೈಪಿನ ಬಾಯಿಗೆ ಹಿಡಿಯಿರಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ಇಳಿದಿರುತ್ತದೆ.

ಪಂಪ್‌ನಿಂದ ಒಳಗಿನ ಗಾಳಿ ಎಳೆದು ತೆಗೆದ ಮೇಲೆ ಹೇಳುವ ‘ವ್ಯಾಕ್ಯೂಮ್ ನಿಂತಿದೆ, ಲೀಕ್ ಇಲ್ಲ’ ಎಂಬ ಮಾತು ಅರ್ಧಸತ್ಯ. ವ್ಯಾಕ್ಯೂಮ್‌ನಲ್ಲಿ ಹೊರಗಿನಿಂದ ಒಳಕ್ಕೆ ಒತ್ತುವುದು ಹೆಚ್ಚೆಂದರೆ 13, 14 ಪಿಎಸ್‌ಐ. ಕೆಲಸ ಮಾಡುವಾಗ ಒಳಗಿನಿಂದ ಹೊರಕ್ಕೆ ಒತ್ತುವುದು 200ಕ್ಕೂ ಹೆಚ್ಚು. ಮೊದಲನೆಯದನ್ನು ತಡೆದ ಓ-ರಿಂಗ್ ಎರಡನೆಯದಕ್ಕೆ ಬಿಟ್ಟುಕೊಡಬಹುದು.

ಹಾಗೆಂದು ವ್ಯಾಕ್ಯೂಮ್ ಬಿಡುವಂತಿಲ್ಲ, ಅದು ತೇವ ತೆಗೆಯುವ ಕೆಲಸ. ಒತ್ತಡ ಸಾಕಷ್ಟು ಇಳಿದಾಗ ಒಳಗಿನ ನೀರು 30 ಡಿಗ್ರಿಯಲ್ಲೇ ಕುದಿದು ಹೊರಬರುತ್ತದೆ. ಕನಿಷ್ಠ 30ರಿಂದ 45 ನಿಮಿಷ ಪಂಪ್ ಓಡಬೇಕು, ಐದು ನಿಮಿಷದ ಶಾಸ್ತ್ರ ಸಾಲದು. ಇಲ್ಲಿ ಒಂದು ಸ್ಥಳೀಯ ಲೆಕ್ಕ ಇದೆ. ಪುಸ್ತಕದಲ್ಲಿ ಗೇಜ್ 29 ಇಂಚು (ಪಾದರಸದ ಅಳತೆಯಲ್ಲಿ) ತೋರಿಸಬೇಕು ಎಂದಿರುತ್ತದೆ, ಅದು ಸಮುದ್ರ ಮಟ್ಟಕ್ಕೆ. ಕೋಲಾರ ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಮೇಲಿದೆ, ಇಲ್ಲಿ ಪೂರ್ಣ ವ್ಯಾಕ್ಯೂಮ್ ಬಂದರೂ ಮುಳ್ಳು 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಾಗಿ ಪಂಪನ್ನು ದೂರಬೇಡಿ. ಆದರೆ 24, 25ರಲ್ಲೇ ನಿಂತರೆ ಪಂಪ್ ಸೋತಿದೆ ಅಥವಾ ಸಿಸ್ಟಮ್ ತೂತಾಗಿದೆ.

ಸಿಸ್ಟಮ್ ಬಿಚ್ಚಿದಾಗ ಒಳಗಿನ ತೇವ ಹೀರುವ ರಿಸೀವರ್ ಡ್ರೈಯರ್ ಹೊಸದು ಹಾಕಿಸಿ. ಈಚಿನ ಕಾರುಗಳಲ್ಲಿ ಅದು ಕಂಡೆನ್ಸರ್ ಪಕ್ಕದ ಕೊಳವೆಯೊಳಗೆ ಚೀಲದ ರೂಪದಲ್ಲಿರುತ್ತದೆ. ಸೋರಿದ ಗ್ಯಾಸಿನ ಜೊತೆ ಹೋದ ಆಯಿಲ್‌ನ ಲೆಕ್ಕವನ್ನು ಯಾರೂ ಇಡುವುದಿಲ್ಲ, ಕಂಪ್ರೆಸರ್ ಸಾಯುವುದು ಬಹಳ ಸಲ ಇದರಿಂದಲೇ. ಕಂಡೆನ್ಸರ್ ಬದಲಿಸಿದರೆ 30ರಿಂದ 40 ಮಿ.ಲೀ. ಆಯಿಲ್ ಸೇರಿಸುವುದು ವಾಡಿಕೆ. ಪಿಎಜಿ 46, ಪಿಎಜಿ 100 ಬೇರೆ ಬೇರೆ ದಪ್ಪದ ಕಂಪ್ರೆಸರ್ ಆಯಿಲ್‌ಗಳು, ಒಂದರ ಬದಲು ಇನ್ನೊಂದು ಹಾಕಬಾರದು, ಕಂಪ್ರೆಸರ್ ಮೇಲಿನ ಲೇಬಲ್ ನೋಡಿ. ಅದು ತೇವ ಹೀರುವ ಆಯಿಲ್, ವಾರದಿಂದ ಮುಚ್ಚಳ ತೆಗೆದಿಟ್ಟ ಡಬ್ಬದ್ದು ಬೇಡ.

ಗ್ಯಾಸ್ ಹಾಕುವುದು ತೂಕದ ಮೇಲೆ, ಸ್ಟಿಕ್ಕರ್‌ನಷ್ಟೇ, ಹೆಚ್ಚುಕಮ್ಮಿ 20 ಗ್ರಾಂ ಒಳಗೆ. ಕ್ಯಾನ್ ಜೋಡಿಸಿರುವಾಗ, ಎಂಜಿನ್ ಓಡುತ್ತಿರುವಾಗ ಹೈ ಸೈಡ್ ವಾಲ್ವ್ ತೆರೆದರೆ ಪ್ರೆಷರ್ ಕ್ಯಾನ್‌ಗೆ ನುಗ್ಗಿ ಅದು ಸಿಡಿಯಬಹುದು. ಸಾಮಾನ್ಯ ಒತ್ತಡದಲ್ಲಿ ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವುದರಿಂದ ಕಣ್ಣಿಗೆ ಚಿಮ್ಮಿದರೆ ಕಣ್ಣು ಹೋಗುತ್ತದೆ, ಕನ್ನಡಕ ಹಾಕಿಕೊಳ್ಳದೆ ಯಾರೂ ಪೈಪ್ ಮುಟ್ಟಬಾರದು. ಅಗ್ಗದ ಕ್ಯಾನ್‌ಗಳಲ್ಲಿ ಕಲಬೆರಕೆಯೂ ಬರುತ್ತದೆ. ನೆರಳಲ್ಲಿಟ್ಟ ಕ್ಯಾನ್ 30 ಡಿಗ್ರಿಯಲ್ಲಿ 97ರ ಬದಲು 150 ಮೀರಿ ತೋರಿಸಿದರೆ ಅದು ಮನೆ ಏಸಿಯ ಆರ್-22 ಇರಬಹುದು, ವಾಪಸ್ ಕೊಡಿ. ಅಂಕಿ ಸರಿಯಿದ್ದ ಮಾತ್ರಕ್ಕೆ ಶುದ್ಧ ಎನ್ನುವಂತಿಲ್ಲ, ಉರಿಯುವ ಎಲ್‌ಪಿಜಿ ಮಿಶ್ರಣಗಳ ಅಂಕಿ ಇದಕ್ಕೆ ಹತ್ತಿರವೇ ಇರುತ್ತದೆ. ಬಿಲ್ ಕೊಡುವ ಅಂಗಡಿಯಲ್ಲಿ ಸೀಲ್ ಇರುವ ಕ್ಯಾನ್ ತನ್ನಿ.

ಉಳಿದವು ಚಿಕ್ಕವು. ಗ್ಲವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಕಟ್ಟಿದ್ದರೆ ಗಾಳಿ ಕಡಿಮೆ ಬರುತ್ತದೆ. ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿಯೇ ನಿಂತು, ಆಫ್ ಮಾಡಿ ಹತ್ತು ನಿಮಿಷಕ್ಕೆ ಸರಿಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ, ಅಲ್ಲಿನ ತಂಪು ಅಳೆಯುವ ಸೆನ್ಸರ್ ಆದ ಥರ್ಮಿಸ್ಟರ್ ನೋಡಿ. ಹೀಟರ್ ಫ್ಲಾಪ್ ಪೂರ್ತಿ ಮುಚ್ಚದಿದ್ದರೂ ಬಿಸಿ ಬೆರೆಯುತ್ತದೆ. ನೀವು ಹೇಳಿದ ಲಕ್ಷಣ ಇವಾವುದರದ್ದೂ ಅಲ್ಲ.

ಕಂಪ್ರೆಸರ್ ವಿಷಯದಲ್ಲಿ ಕ್ಲಚ್ ಅನ್ನು ಮಾತ್ರ ಪ್ರತ್ಯೇಕವಾಗಿ ನೋಡಿಸಿ. ಪುಲ್ಲಿಗೂ ಮುಂದಿನ ಪ್ಲೇಟಿಗೂ ನಡುವಿನ ಗ್ಯಾಪ್ 0.3ರಿಂದ 0.6 ಮಿ.ಮೀ. ಇರಬೇಕು. ಸವೆದು ಗ್ಯಾಪ್ ದೊಡ್ಡದಾದರೆ, ಎಂಜಿನ್ ಕಾದಾಗ ಮ್ಯಾಗ್ನೆಟ್ ಎಳೆಯಲಾರದೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಅದೂ ಟ್ರಾಫಿಕ್‌ನಲ್ಲೇ ಹೆಚ್ಚು. ತಂಪು ನಿಂತ ಕ್ಷಣದಲ್ಲಿ ಬಾನೆಟ್ ಎತ್ತಿ ನೋಡಿ: ಕ್ಲಚ್ ಕನೆಕ್ಟರ್‌ನಲ್ಲಿ 12 ವೋಲ್ಟ್ ಇದ್ದೂ ಮುಂದಿನ ಪ್ಲೇಟ್ ತಿರುಗದಿದ್ದರೆ ಇದೇ. ಒಳಗಿನ ತೆಳು ಶಿಮ್ (ವಾಷರ್‌ನಂಥ ಬಿಲ್ಲೆ) ಒಂದನ್ನು ತೆಗೆದು ಗ್ಯಾಪ್ ಸರಿಮಾಡಿದರೆ ಅನೇಕ ಸಲ ಕೆಲಸ ಮುಗಿಯುತ್ತದೆ.

ಗೇಜ್ ಅಂಕಿಗಳು ಕಂಪ್ರೆಸರ್ ಸವೆದಿದೆ ಎಂದೇ ಹೇಳಿದರೆ ಬದಲಿಸಿ, ಆದರೆ ಒಂದನ್ನೇ ಬದಲಿಸಿ ಬರಬೇಡಿ. ಹಳೆಯ ಪೈಪಿನ ತುದಿಗೆ ಬಿಳಿ ಬಟ್ಟೆ ಒರೆಸಿದಾಗ ಬೆಳ್ಳಿಪುಡಿ ಬಂದರೆ ಲೋಹದ ಚೂರು ಕಂಡೆನ್ಸರ್ ಸೇರಿದೆ. ಈಗಿನ ಕಂಡೆನ್ಸರ್‌ಗಳ ಸಣ್ಣ ಕೊಳವೆಗಳನ್ನು ಪೂರ್ತಿ ತೊಳೆಯಲಾಗುವುದಿಲ್ಲ, ಅದನ್ನೂ ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವನ್ನೂ ಜೊತೆಗೇ ಬದಲಿಸದಿದ್ದರೆ ಹೊಸ ಕಂಪ್ರೆಸರ್ ಅದೇ ಪುಡಿ ನುಂಗುತ್ತದೆ. ಹಳೆಯದರಿಂದ ಬಸಿದ ಆಯಿಲ್ ಅಳೆದು ಹೊಸದರಲ್ಲೂ ಅಷ್ಟೇ ಬಿಡಬೇಕು, ಯಾಕೆಂದರೆ ಹೊಸ ಕಂಪ್ರೆಸರ್ ಅನೇಕ ಸಲ ಇಡೀ ಸಿಸ್ಟಮ್‌ಗೆ ಬೇಕಾದಷ್ಟು ಆಯಿಲ್ ಹೊತ್ತು ಬರುತ್ತದೆ. ಬೆಲ್ಟ್ ಹಾಕುವ ಮೊದಲು ಮುಂದಿನ ಪ್ಲೇಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಲು ಹೇಳಿ.

ಯಾವ ರಿಪೇರಿ ಆದರೂ ಬಿಲ್ ಮೇಲೆ ಐದು ಅಂಕಿ ಬರೆಸಿಕೊಳ್ಳಿ: ಹಾಕಿದ ಗ್ಯಾಸ್ ಎಷ್ಟು ಗ್ರಾಂ, ಆಯಿಲ್ ಎಷ್ಟು ಮಿ.ಲೀ., ಐಡ್ಲಿಂಗ್‌ನಲ್ಲಿ ಎರಡೂ ಪ್ರೆಷರ್, ವೆಂಟ್ ಉಷ್ಣತೆ. ಗ್ಯಾಸ್ ಜೊತೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿಸಿ. ತಿಂಗಳಾದ ಮೇಲೆ ಅದೇ ಹೊತ್ತಿನಲ್ಲಿ, ಅಷ್ಟೇ ಬಿಸಿಲಲ್ಲಿ ಅದೇ ಥರ್ಮಾಮೀಟರ್ ವೆಂಟ್‌ಗೆ ಹಾಕಿ. ಮೂರು ನಾಲ್ಕು ಡಿಗ್ರಿ ಏರಿದ್ದರೆ ಸೋರಿಕೆ ಇನ್ನೂ ಇದೆ, ಕತ್ತಲಾದ ಮೇಲೆ ಯುವಿ ಟಾರ್ಚ್ ಹಿಡಿದು ಸರ್ವಿಸ್ ವಾಲ್ವ್‌ನಿಂದಲೇ ಹುಡುಕಲು ಶುರುಮಾಡಿ.